ಕಂಪನಿಗಳಲ್ಲಿ ತಾರತಮ್ಯ ಅಳೆಯುವ ಅರ್ಥಶಾಸ್ತ್ರಜ್ಞೆ ಆಗಬೇಕು. ವಿದೇಶದಲ್ಲಿ ಪಿಎಚ್‌ಡಿ ಮಾಡಲಾ, ಎಚ್‌ಆರ್ ಡೈವರ್ಸಿಟಿ ಟೀಮ್ ಸೇರಲಾ?

ನೀವು ಕೇಳಿದ ಈ ಪ್ರಶ್ನೆ ನನಗೂ ಗೊತ್ತು: ಧಾರವಾಡದಲ್ಲಿ ಎಂಎ, ಕೊನೆಯ ವರ್ಷ, ಇದೇ ಗೊಂದಲ. ಹದಿನೈದು ವರ್ಷದ ಹಿಂದೆ ನಾನೂ ಅಲ್ಲೇ ಇದ್ದೆ.

ಎಂಎ ಮುಗಿಸಿ ಬೆಂಗಳೂರಿನ ಒಂದು ಸಲಹಾ ಸಂಸ್ಥೆ ಸೇರಿದೆ. ಮೊದಲು ಕೈಗೆ ಬಂದ ದೊಡ್ಡ ಕೆಲಸ ಒಂದು ಗಾರ್ಮೆಂಟ್ಸ್ ಕಂಪನಿಯದು. ಹೆಂಗಸರಿಗೆ ಸಂಬಳದಲ್ಲಿ ಅನ್ಯಾಯ ಆಗುತ್ತಿದೆಯಾ ಅಂತ ಅವರ ವಿದೇಶಿ ಬೈಯರ್ ಕೇಳಿದ್ದ. ನಾನು ಸಂಬಳದ ಪಟ್ಟಿ ತರಿಸಿಕೊಂಡೆ. ವಯಸ್ಸು, ಓದು, ಅನುಭವ, ಗ್ರೇಡ್ (ಅಂದರೆ ಹುದ್ದೆಯ ಮಟ್ಟ) ಎಲ್ಲವನ್ನೂ ರಿಗ್ರೆಷನ್‌ಗೆ, ಅಂದರೆ ಬೇರೆಲ್ಲ ಸಮ ಮಾಡಿ ಒಂದರ ಪರಿಣಾಮ ಅಳೆಯುವ ಲೆಕ್ಕಕ್ಕೆ, ಹಾಕಿದೆ. ಇವೆಲ್ಲ ಸಮ ಇದ್ದರೆ ಹೆಣ್ಣಿಗೂ ಗಂಡಿಗೂ ಸಂಬಳ ಒಂದೇ ಅಂತ ಬಂತು. 'ತಾರತಮ್ಯ ಕಂಡುಬಂದಿಲ್ಲ' ಅಂತ ಬರೆದುಕೊಟ್ಟೆ.

ತಪ್ಪಾಗಿದ್ದು 'ಗ್ರೇಡ್' ಅನ್ನುವ ಆ ಒಂದು ಕಾಲಂನಲ್ಲಿ. ಇದನ್ನು ಬಿಡಿಸಿಯೇ ಹೇಳಬೇಕು. ಒಂದು ಯೂನಿಟ್‌ನಲ್ಲಿ 100 ಹೆಂಗಸರು, 10 ಗಂಡಸರು ಇದ್ದಾರೆ ಅಂದುಕೊಳ್ಳಿ. ಟೈಲರ್‌ಗೆ 10,000, ಸೂಪರ್‌ವೈಸರ್‌ಗೆ 16,000. ಹತ್ತು ಸೂಪರ್‌ವೈಸರ್‌ಗಳಲ್ಲಿ ಎಂಟು ಜನ ಗಂಡಸರು. ಗ್ರೇಡ್ ಹಿಡಿದು ಲೆಕ್ಕ ಹಾಕಿದರೆ ವ್ಯತ್ಯಾಸ ಸೊನ್ನೆ. ಗ್ರೇಡ್ ಬಿಟ್ಟು ಹಾಕಿ ನೋಡಿ: ಗಂಡಸರ ಸರಾಸರಿ 14,800, ಹೆಂಗಸರದ್ದು 10,120. ತಾರತಮ್ಯ ನಡೆಯುವುದೇ ಬಡ್ತಿಯಲ್ಲಿ. ಬಡ್ತಿಯನ್ನೇ ಮೊದಲು ಸಮ ಮಾಡಿಬಿಟ್ಟರೆ ಉಳಿಯುವುದು ಏನು? ಹುಡುಕಬೇಕಾದದ್ದನ್ನು ನಾನೇ ಅಳಿಸಿ, ಆಮೇಲೆ ಸಿಗಲಿಲ್ಲ ಅಂತ ಬರೆದಿದ್ದೆ. ಇಂಥ ಕಾಲಂಗೆ ನಮ್ಮಲ್ಲಿ 'ಬ್ಯಾಡ್ ಕಂಟ್ರೋಲ್' ಅನ್ನುತ್ತಾರೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಇದು ಗೊತ್ತಾಗಿದ್ದು ಆ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ. ಹದಿನಾಲ್ಕು ವರ್ಷದಿಂದ ಟೈಲರ್ ಆಗಿದ್ದ ಒಬ್ಬ ಅಕ್ಕ ಪಕ್ಕದಲ್ಲಿ ಕೂತು ಹೇಳಿದರು: "ನೀವು ಬರೆದಿದ್ದು ನಿಜ ಮೇಡಂ. ಸೂಪರ್‌ವೈಸರ್‌ಗಳಿಗೆಲ್ಲ ಒಂದೇ ಸಂಬಳ. ಆದ್ರೆ ನಮ್ ಲೈನ್ ಸೂಪರ್‌ವೈಸರ್‌ಗೆ ಓವರ್‌ಲಾಕ್ ಮಷಿನ್‌ಗೆ ದಾರ ಹಾಕೋದು ಹೇಳಿಕೊಟ್ಟೋಳು ನಾನು." ಹೇಳುವಾಗ ಅವರ ಎರಡು ಬೆರಳು ಚಿಮಟ ಹಿಡಿದ ಹಾಗೆ ಕೂಡಿಕೊಂಡವು. ತಟ್ಟೆಯ ಅಂಚಿನಲ್ಲಿ ಇಲ್ಲದ ದಾರ ಪೋಣಿಸಿದವು.

ಹೆಂಗಸರಿಗೆ ಸೂಪರ್‌ವೈಸರ್ ತರಬೇತಿ ಕೊಡಬೇಕು ಅನ್ನುವ ಮಾತು ಅಲ್ಲಿ ಆಗ ನಡೆದಿತ್ತು. ನನ್ನ ವರದಿ ಬಂದ ಮೇಲೆ ಅದು ನಿಂತುಹೋಯಿತು. ತಿದ್ದಿಕೊಡುತ್ತೇನೆ ಅಂದೆ. ಬೈಯರ್‌ಗೆ ಕಳಿಸಿ ಆಗಿದೆ, ಬೇಡ ಅಂದರು ಕಂಪನಿಯವರು. ಆ ಅಕ್ಕನಿಗೆ ಏನಂತ ಉತ್ತರ ಕೊಡಲಿ? ಇವತ್ತಿಗೂ ಅದು ನನ್ನನ್ನು ಬಿಟ್ಟಿಲ್ಲ.

ಅದಕ್ಕೇ ಹೇಳುತ್ತೇನೆ, ಪಿಎಚ್‌ಡಿಯಾ ಎಚ್‌ಆರಾ ಅನ್ನುವುದು ಈಗ ಕೇಳುವ ಪ್ರಶ್ನೆಯೇ ಅಲ್ಲ. ನಾನು ಆಮೇಲೆ ಪಿಎಚ್‌ಡಿ ಮಾಡಿದೆ, ಇಲ್ಲೇ, ಬೆಂಗಳೂರಿನ ನಾಗರಭಾವಿಯ ಐಸೆಕ್ ಅನ್ನುವ ಸಂಶೋಧನಾ ಸಂಸ್ಥೆಯಲ್ಲಿ. ಅದರಿಂದ ಒಳ್ಳೆಯದೇ ಆಯಿತು. ಆದರೆ ಸಂಬಳದ ಪಟ್ಟಿಯಲ್ಲಿ ಯಾರು ಇಲ್ಲ ಅಂತ ಕೇಳುವ ಅಭ್ಯಾಸ ಕ್ಯಾಂಟೀನಿನಿಂದ ಬಂದದ್ದು. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಮಾಜಶಾಸ್ತ್ರಜ್ಞ ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಓದಿ. ಪತ್ರಿಕೆಯಲ್ಲಿ ಬಂದ ಖಾಸಗಿ ಕೆಲಸಗಳಿಗೆ ಒಂದೇ ಅರ್ಹತೆಯ ಅರ್ಜಿ ಹಾಕಿದರು, ಹೆಸರು ಮಾತ್ರ ಬೇರೆ. ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಬಾಗಿಲಲ್ಲೇ ವಾಪಸ್ ಹೋದವರು ಯಾವ ಕಂಪನಿಯ ಪಟ್ಟಿಯಲ್ಲಿ ಸಿಗುತ್ತಾರೆ ಹೇಳಿ? 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರನ್ನೂ ಓದಿ. ಅಮೆರಿಕದ ಹೆಂಗಸರ ದುಡಿಮೆಯ ಲೆಕ್ಕಕ್ಕಾಗಿ ಅವರು ಇನ್ನೂರು ವರ್ಷದ ಹಳೇ ದಾಖಲೆ ಜಾಲಾಡಿದವರು. ಹಳೇ ಜನಗಣತಿಯಲ್ಲಿ ಎಷ್ಟೋ ಗೃಹಿಣಿಯರ ದುಡಿಮೆ ಲೆಕ್ಕಕ್ಕೇ ಬಂದಿರಲಿಲ್ಲ ಅಂತ ತೋರಿಸಿದರು.

ಎಚ್‌ಆರ್‌ಗೆ ಹೋಗಲೇಬೇಡಿ ಅನ್ನುವುದಿಲ್ಲ. ಆದರೆ ಲೆಕ್ಕ ಪಕ್ಕಾ ಕಲಿಯದೆ ಅಲ್ಲಿಗೆ ಹೋದರೆ ಅವರು ಕೇಳಿದ ಉತ್ತರ ಬರೆದುಕೊಡುವ ಕೆಲಸ ಆಗಿಬಿಡುತ್ತದೆ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಜನರ ಕೆಲಸ, ಸಂಬಳದ ಬಗ್ಗೆ ಕೇಂದ್ರ ಸರ್ಕಾರ ಮಾಡುವ ಪಿಎಲ್‌ಎಫ್‌ಎಸ್ ಸಮೀಕ್ಷೆಯ ಡೇಟಾ ಪುಕ್ಕಟೆ ಸಿಗುತ್ತದೆ. ಕರ್ನಾಟಕದ ಸಂಬಳದಾರರನ್ನು ಬೇರೆ ಮಾಡಿ. ಹೆಣ್ಣು ಗಂಡಿನ ವ್ಯತ್ಯಾಸವನ್ನು ಒಂದು ಸಲ ಹುದ್ದೆಯ ಕಾಲಂ ಸೇರಿಸಿ ತೆಗೆಯಿರಿ, ಇನ್ನೊಂದು ಸಲ ಬಿಟ್ಟು ತೆಗೆಯಿರಿ. ಎರಡೂ ಉತ್ತರ ಪಕ್ಕಪಕ್ಕ ಇಟ್ಟುಕೊಂಡು ಒಂದು ದಿನ ಕೂತು ನೋಡಿ. ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಬರೆಯಿರಿ, ಖಂಡಿತ ನೋಡುತ್ತೇನೆ.