ಬರೀ ಸಲಹೆ ಕೇಳಿದರೆ ಸಾಲದು

ಪತ್ರ: ಇಂಟರ್‌ನೆಟ್ ಆಡಳಿತ ಸಂಸ್ಥೆಗಳಲ್ಲಿ ಸಾಮಾನ್ಯ ಬಳಕೆದಾರರಿಗೂ ಜಾಗವಿರಬೇಕೆಂದು ಬರೆದಿದ್ದೀರಿ. ಜಾಲತಾಣಗಳ ಹೆಸರು ಹಂಚುವ ಡೊಮೇನ್ ವ್ಯವಸ್ಥೆ ಹೇಗೆ ನಡೆಯುತ್ತದೆಂದೇ ಗೊತ್ತಿಲ್ಲದವರು ಅಲ್ಲಿ ಕೂತು ಮಾಡುವುದೇನು? ಬಲ್ಲವರಿಗೆ ಬಿಟ್ಟುಬಿಡಬಾರದೆ?
– ಓದುಗರೊಬ್ಬರು, ಎಂಜಿನಿಯರ್

ಸಂಪಾದಕರ ಉತ್ತರ: ಮುಚ್ಚುಮರೆಯಿಲ್ಲದೆ ಕೇಳಿದ್ದೀರಿ, ಸಂತೋಷ. ಬಲ್ಲವರ ಮೇಲೆ ನನಗೂ ಗೌರವವಿದೆ; ಅವರ ದುಡಿಮೆಯಿಲ್ಲದೆ ಈ ಜಾಲ ನಿಲ್ಲದು. ಆದರೆ ಡೊಮೇನ್ ಹೆಸರಿನ ಶುಲ್ಕ ಎಷ್ಟು ಏರಬಹುದು, ಹೆಸರು ಕೊಂಡವರ ವಿಳಾಸ ಯಾರ ಕಣ್ಣಿಗೆ ಬೀಳಬೇಕು, ತಕರಾರು ಬಂದಾಗ ಹೆಸರು ಯಾರದ್ದು – ಈ ಹೆಸರುಗಳ ವ್ಯವಸ್ಥೆಯನ್ನು ಜಗತ್ತಿನಾದ್ಯಂತ ನೋಡಿಕೊಳ್ಳುವ ಸಂಸ್ಥೆ ಐಕ್ಯಾನ್‌ನಲ್ಲಿ ವರ್ಷಗಟ್ಟಲೆ ಜಗ್ಗಾಡಿರುವುದು ಇಂಥವಕ್ಕೇ. ಇವುಗಳಲ್ಲಿ ಎಂಜಿನಿಯರಿಂಗ್ ಎಷ್ಟಿದೆ, ನೀವೇ ಹೇಳಿ.

ಬಳಕೆದಾರರಿಗೆ ಒಮ್ಮೆ ಮತ ಸಿಕ್ಕಿತ್ತು. 2000ರಲ್ಲಿ ಐಕ್ಯಾನ್ ಐದು ಪ್ರದೇಶಗಳಿಂದ ಐವರು ನಿರ್ದೇಶಕರನ್ನು ಆನ್‌ಲೈನ್ ಚುನಾವಣೆಯಲ್ಲಿ ಆರಿಸಿತು. ಮತದಾರರಾಗಿ ಹೆಸರು ನೋಂದಾಯಿಸಿದವರು ಸುಮಾರು 1,58,000. ಮತ ಹಾಕಿದವರು 34,035. ನೀವು ಅಂಜುವ ಹಾಗೆ ಏನೂ ಅರಿಯದವರು ಗೆದ್ದುಬರಲಿಲ್ಲ. ಉತ್ತರ ಅಮೆರಿಕದಿಂದ ಗೆದ್ದ ಕಾರ್ಲ್ ಔರ್‌ಬಾಕ್ ನೆಟ್‌ವರ್ಕ್ ಎಂಜಿನಿಯರ್, ನಿಮ್ಮದೇ ಬಳಗ. ನಿರ್ದೇಶಕನಾಗಿ ಸಂಸ್ಥೆಯ ಲೆಕ್ಕಪತ್ರ ನೋಡಲು ಆತ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2002ರಲ್ಲಿ ತೀರ್ಪು ಆತನ ಪರವಾಗಿ ಬಂತು. ಅದೇ ವರ್ಷ ನಡೆದ ಸುಧಾರಣೆಯಲ್ಲಿ ಬಳಕೆದಾರರು ಆರಿಸುವ ಸ್ಥಾನಗಳೇ ಕೊನೆಗೊಂಡವು.

ಬದಲಿಗೆ ಸಿಕ್ಕಿದ್ದು 15 ಜನರ ಸಲಹಾ ಸಮಿತಿ. ಅದರಲ್ಲೂ ಐವರನ್ನು ಐಕ್ಯಾನ್‌ನ ನೇಮಕ ಸಮಿತಿಯೇ ಆರಿಸುತ್ತದೆ. ಮತವಿರುವ 16 ನಿರ್ದೇಶಕರಲ್ಲಿ ಬಳಕೆದಾರರ ಬಳಗ ಕಳಿಸುವವರು ಒಬ್ಬರು, ಅದೂ 2010ರಿಂದ. ಆ ಸಲಹಾ ಸಮಿತಿಯಲ್ಲಿ ಸಂಬಳವಿಲ್ಲದೆ ನೂರಾರು ಪುಟದ ಕರಡು ಓದಿ, ನಡುರಾತ್ರಿಯ ಕರೆಗಳಿಗೆ ಎದ್ದು ಕೂರುವವರಿಗೆ ನನ್ನ ನಮಸ್ಕಾರ. ಎದುರು ಕೂತ ಕಂಪನಿಯ ಪ್ರತಿನಿಧಿಗೆ ಅದೇ ಉದ್ಯೋಗ, ಅದಕ್ಕೇ ಸಂಬಳ.

2019ರಲ್ಲಿ, ಲಾಭರಹಿತ ಸಂಸ್ಥೆಗಳು ಹೆಚ್ಚಾಗಿ ಬಳಸುವ ‘ಡಾಟ್ ಆರ್ಗ್’ (.org) ಹೆಸರುಗಳ ಬೆಲೆಗಿದ್ದ ಮಿತಿಯನ್ನು ತೆಗೆಯುವ ಪ್ರಸ್ತಾಪ ಬಂದಾಗ ಮೂರು ಸಾವಿರಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು, ಬಹುಪಾಲು ವಿರೋಧ. ಮಿತಿ ಹೋಯಿತು. ಕೆಲವೇ ತಿಂಗಳಲ್ಲಿ ಆ ಹೆಸರುಗಳನ್ನು ನಿರ್ವಹಿಸುವ ನೋಂದಣಿ ಸಂಸ್ಥೆಯನ್ನೇ 113.5 ಕೋಟಿ ಡಾಲರಿಗೆ ಒಂದು ಹೂಡಿಕೆ ಕಂಪನಿಗೆ ಮಾರುವ ಒಪ್ಪಂದ ಹೊರಬಿತ್ತು. ಲಾಭರಹಿತ ಸಂಸ್ಥೆಗಳು ಬೀದಿಗಿಳಿದು, ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಪತ್ರ ಬರೆದ ಮೇಲೆ, 2020ರ ಏಪ್ರಿಲ್ 30ರಂದು ಐಕ್ಯಾನ್ ಒಪ್ಪಿಗೆ ನಿರಾಕರಿಸಿತು. ನಿರ್ದೇಶಕ ಮಂಡಳಿಯೊಳಗೆ ಬಳಕೆದಾರರಿಗೆ ನಾಲ್ಕೈದು ಮತಗಳಿದ್ದಿದ್ದರೆ ಬೀದಿಯವರೆಗೆ ಬರಬೇಕಿತ್ತೆ?

ನಾನೂ ಒಮ್ಮೆ ಇಂಥದೊಂದು ಸಂಸ್ಥೆಗೆ ಎಂಟು ಪುಟದ ಅಭಿಪ್ರಾಯ ಕಳಿಸಿದ್ದೆ. ಅಂತಿಮ ವರದಿಯಲ್ಲಿ ಅದು ‘ಕೆಲವು ವ್ಯಕ್ತಿಗಳು ಕಳವಳ ವ್ಯಕ್ತಪಡಿಸಿದ್ದಾರೆ’ ಎಂಬ ಸಾಲಿನೊಳಗೆ ಕರಗಿಹೋಗಿತ್ತು. ಈಗ ಎಲ್ಲೆಡೆ ಇದೇ ಪದ್ಧತಿ: ಮೊದಲು ತೀರ್ಮಾನ, ಆಮೇಲೆ ಸಮಾಲೋಚನೆ. ಆ್ಯಪ್‌ಗಳಲ್ಲಿ ‘ಒಪ್ಪುತ್ತೇನೆ’ ಒತ್ತಿಸಿಕೊಳ್ಳುವುದಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣದು.

ನಿಮ್ಮ ಮೇಲೆ ನನಗೊಂದು ದೂರಿದೆ. ಬಳಕೆದಾರರ ಹಿತವೇ ಮೊದಲೆಂಬ ಮಾತನ್ನು ಬಲ್ಲವರೇ ಒಪ್ಪಿಕೊಂಡಿರುವಾಗ ನೀವು ಹಿಂದೆ ಉಳಿದಿದ್ದೀರಿ. 2020ರಲ್ಲಿ ಇಂಟರ್‌ನೆಟ್ ಎಂಜಿನಿಯರುಗಳ ಬಳಗದಿಂದಲೇ ಬಂದ ಆರ್‌ಎಫ್‌ಸಿ 8890 ಎಂಬ ದಾಖಲೆ, ಹಿತಾಸಕ್ತಿಗಳು ತಾಕಲಾಡಿದಾಗ ಬಳಕೆದಾರರ ಪರ ವಾಲಿ ಎನ್ನುತ್ತದೆ. ಓದಿ ನೋಡಿ, ಚಿಕ್ಕದು. ಓದಿದ ಮೇಲೂ ಭಿನ್ನಮತ ಉಳಿದರೆ ಮತ್ತೆ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇನೆ.