ಕೊರೊನಾ ನಂತರ ಆಫೀಸ್ ಮತ್ತೆ ತೆರೆಯುವಾಗ ಮೇಜು, ಕುರ್ಚಿ ಒರೆಸಿದರೆ ಸಾಕಾ?

ಸಾಲದು. ಒರೆಸುವುದು ಒಳ್ಳೆಯದೇ, ಆದರೆ ಮೊದಲು ಕಿಟಕಿ ತೆಗೆಯಿರಿ. ಕೊರೊನಾ ಮುಖ್ಯವಾಗಿ ಹರಡುವುದು ಉಸಿರಿನಿಂದ. ಮಾತಾಡುವಾಗ, ಕೆಮ್ಮುವಾಗ ಹೊರಬರುವ ತೀರಾ ಸಣ್ಣ ಹನಿಗಳು ಬೇಗ ನೆಲಕ್ಕೆ ಬೀಳುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಸಿಗರೇಟಿನ ಹೊಗೆಯ ಹಾಗೆ ತೇಲುತ್ತಲೇ ಇರುತ್ತವೆ. ಗೋಡೆಗೆ ಹಾಕಿದ ಸ್ಪ್ಲಿಟ್ ಏಸಿ ಸಾಮಾನ್ಯವಾಗಿ ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಾ ಬಿಡುತ್ತದೆ, ಹೊಸ ಗಾಳಿ ತರುವುದಿಲ್ಲ. ಹಾಗಾಗಿ ಎದುರುಬದುರು ಕಿಟಕಿ ತೆರೆದಿಡಿ, ಎಕ್ಸಾಸ್ಟ್ ಫ್ಯಾನ್ ಹಾಕಿ. ಅನುಮಾನ ಇದ್ದರೆ, ನಾವು ಉಸಿರಿನಲ್ಲಿ ಹೊರಬಿಡುವ ಕಾರ್ಬನ್ ಡೈಆಕ್ಸೈಡ್ ಎಷ್ಟು ಸೇರಿದೆ ಎಂದು ಅಳೆಯುವ ಮೀಟರ್ ಇಡಿ: ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 420 ಭಾಗ ಇರುತ್ತದೆ. ಒಳಗೆ 800 ದಾಟಿದರೆ ಗಾಳಿ ಇನ್ನೂ ಜಾಸ್ತಿ ಆಡಬೇಕು.

ಜ್ವರ, ಕೆಮ್ಮು ಇರುವವರನ್ನು ದಯವಿಟ್ಟು ಬರಹೇಳಬೇಡಿ. ಇನ್ನೊಂದು, ಸುಮಾರು ಜನ ಮರೆಯುವುದು ನೀರು. ತಿಂಗಳುಗಟ್ಟಲೆ ಪೈಪಿನಲ್ಲಿ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಬಹುದು. ಟ್ಯಾಂಕ್ ತೊಳೆಸಿ, ಪ್ರತಿ ನಲ್ಲಿಯನ್ನೂ ಚೆನ್ನಾಗಿ ಹರಿಯಬಿಡಿ.