‘ಡೋಪ್’ ಎಂದರೆ ಬೈಗುಳವಲ್ಲ

ಪುಣೆಯಲ್ಲಿ ಓದುತ್ತಿರುವ ಮಗ ನೀವು ಕಳುಹಿಸಿದ ಚಕ್ಕುಲಿ ತಿಂದು ‘ಡೋಪ್ ಆಗಿದೆ ಅಮ್ಮ’ ಎಂದು ಬರೆದನೆಂದೂ, ನಿಘಂಟಿನಲ್ಲಿ ‘ಮಾದಕ ವಸ್ತು’ ಎಂಬ ಅರ್ಥ ಕಂಡು ನಿಮಗೆ ಗಾಬರಿಯಾಯಿತೆಂದೂ ತಿಳಿಸಿದ್ದೀರಿ. ದಯವಿಟ್ಟು ಚಿಂತಿಸಬೇಡಿ; ‘ಬಹಳ ಚೆನ್ನಾಗಿದೆ’ ಎಂಬುದೇ ಅವನ ಮಾತಿನ ಅರ್ಥ.

ಈ ಪದದ ಮೂಲ ಡಚ್ ಭಾಷೆಯಲ್ಲಿದೆ. ಅಲ್ಲಿ ಅದು ಅದ್ದಿಕೊಂಡು ತಿನ್ನುವ ಗೊಜ್ಜಿನಂಥ ಪದಾರ್ಥ. ಅಮೆರಿಕದ ಇಂಗ್ಲಿಷಿನಲ್ಲಿ ಅದು ಮೊದಲು ಮಂದವಾದ ದ್ರವಕ್ಕೆ, 19ನೆಯ ಶತಮಾನದ ಕೊನೆಯ ಹೊತ್ತಿಗೆ ಸೇದಲು ಸಿದ್ಧಪಡಿಸಿದ ಅಫೀಮಿನ ಪಾಕಕ್ಕೆ, ಅಲ್ಲಿಂದ ಪಂದ್ಯದ ಕುದುರೆಗೆ ಕದ್ದು ಕೊಡುವ ಮದ್ದಿಗೆ ಹೆಸರಾಯಿತು. ಯಾವ ಕುದುರೆಗೆ ಮದ್ದು ಬಿದ್ದಿದೆಯೆಂದು ಮೊದಲೇ ಬಲ್ಲವನು ಬಾಜಿ ಗೆಲ್ಲುತ್ತಾನಲ್ಲವೇ? ‘ಒಳಸುದ್ದಿ’ ಎಂಬ ಅರ್ಥ ಹಾಗೆ ಹುಟ್ಟಿತೆಂದು ವಿವರಿಸುತ್ತಾರೆ. ಮಹಾಲಕ್ಷ್ಮಿ ರೇಸ್‌ಕೋರ್ಸಿನ ಪಕ್ಕದಲ್ಲಿ ಓಡಾಡುವ ನಮ್ಮಂಥ ಮುಂಬೈಯವರಿಗೆ ಇದು ಬೇಗ ಮನದಟ್ಟಾಗುತ್ತದೆ.

ವ್ಯಕ್ತಿಯೊಬ್ಬನನ್ನು ‘ಎ ಡೋಪ್’ ಎಂದರೆ ಮಾತ್ರ ದಡ್ಡನೆಂದರ್ಥ. ಹೊಗಳಿಕೆಯ ಅರ್ಥ 1980ರ ದಶಕದಲ್ಲಿ ಅಮೆರಿಕದ ಹಿಪ್‌ಹಾಪ್ ಹಾಡುಗಾರರ ಮಾತಿನಿಂದ ಹರಡಿತು. ಕೆಟ್ಟ ಪದ ಹೊಗಳಿಕೆಯಾಗುವುದು ನಮಗೂ ಹೊಸತಲ್ಲ. ‘ಭಯಂಕರ ರುಚಿ’ ಎಂದು ನಾವೇ ಹೇಳುವುದಿಲ್ಲವೇ? ಆದರೆ ಕ್ರೀಡಾಪಟುಗಳ ‘ಡೋಪ್ ಟೆಸ್ಟ್’ ಎಂಬಲ್ಲಿ ಮದ್ದಿನ ಹಳೆಯ ಅರ್ಥವೇ ಇಂದಿಗೂ ಉಳಿದಿದೆ.